ಅಂತರ್ಜಾಲದ ಅರ್ಜಿ ನಮೂನೆ: ಹೊರಮುಖದ ಪರಿಷ್ಕಾರ

ಶಾಲಾ ಪ್ರವೇಶ, ವಿದ್ಯಾರ್ಥಿವೇತನ, ದೇಣಿಗೆ ಮೊದಲಾದ ವ್ಯವಹಾರಗಳಲ್ಲಿ ಕಾಗದದ ಅರ್ಜಿಯ ಸ್ಥಾನವನ್ನು ಅಂತರ್ಜಾಲದ ಅರ್ಜಿ ನಮೂನೆಯು ಬಹುಮಟ್ಟಿಗೆ ಆಕ್ರಮಿಸಿದೆ. ಕಾಗದದ ಅರ್ಜಿಯಲ್ಲಿ ದೋಷವಿದ್ದರೆ ಗುಮಾಸ್ತನು ಅದನ್ನು ಕಂಡು, ವಿಚಾರಿಸಿ, ತಿದ್ದಿಸಿಕೊಳ್ಳುತ್ತಿದ್ದನು. ಜಾಲದಲ್ಲಿ ಆ ಹೊಣೆ ನಮೂನೆಯದೇ ಆಗಿದೆ. ಅದು ಹೊಣೆಯನ್ನು ನಿರ್ವಹಿಸದಿದ್ದಲ್ಲಿ, ಅರ್ಹನಾದ ಬಡ ವಿದ್ಯಾರ್ಥಿಯೊಬ್ಬನು ಕೊನೆಯ ದಿನದಂದು ವೇತನದಿಂದ ವಂಚಿತನಾಗುವ ಸಂಭವವುಂಟು.

ಇಂತಹ ನಮೂನೆಗೆ ಎರಡು ಅಂಗಗಳು. ಅರ್ಜಿದಾರನ ಬ್ರೌಸರಿನಲ್ಲಿ ಕಾಣುವುದು ಒಂದು. ದೂರದ ಸರ್ವರಿನಲ್ಲಿದ್ದು ವಿವರಗಳನ್ನು ದತ್ತಸಂಚಯಕ್ಕೆ ಸೇರಿಸುವುದು ಮತ್ತೊಂದು. ದತ್ತಾಂಶವನ್ನು ಕೋಷ್ಟಕಗಳ ರೂಪದಲ್ಲಿ ವ್ಯವಸ್ಥೆಗೊಳಿಸುವ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ೧೯೭೦ರಲ್ಲಿ ಮಂಡಿಸಿದರು. ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ರಚಿಸಿದ ಬಳಿಕ, ವಿವರಗಳನ್ನು ಸರ್ವರಿಗೆ ಕಳುಹಿಸುವ ಮೊದಲೇ ಬ್ರೌಸರಿನಲ್ಲಿ ಪರೀಕ್ಷಿಸುವುದು ಸಾಧ್ಯವಾಯಿತು. ೨೦೧೪ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ ೫, ಇಂತಹ ಹಲವು ಪರೀಕ್ಷೆಗಳನ್ನು ಬ್ರೌಸರಿಗೇ ವಹಿಸಿತು.

ಪರಿಷ್ಕಾರವೆಂದರೆ ಬಣ್ಣದ ಅಲಂಕಾರವಲ್ಲ. ಪ್ರತಿಯೊಂದು ಅಂಕಣಕ್ಕೂ ಸ್ಥಿರವಾದ ಶೀರ್ಷಿಕೆ ಇರಬೇಕು. ಅಂಕಣದೊಳಗೇ ಬರೆದ ಸೂಚನೆಯು ಬರೆಯತೊಡಗಿದೊಡನೆ ಮಾಯವಾಗುತ್ತದೆ. ಶೀರ್ಷಿಕೆಯನ್ನು ಅಂಕಣದೊಡನೆ ಕ್ರಮವಾಗಿ ಜೋಡಿಸಿದ್ದರೆ, ಅಂಧರು ಬಳಸುವ ಓದು ತಂತ್ರಾಂಶವು ಅದನ್ನು ಉಚ್ಚರಿಸಬಲ್ಲದು. ದೋಷವಿರುವಲ್ಲಿ ಕೆಂಪು ಗೆರೆ ಎಳೆದರೆ ಸಾಲದು. "ಪಿನ್‌ಕೋಡಿನಲ್ಲಿ ಆರು ಅಂಕಿಗಳಿರಬೇಕು" ಎಂದು ಆ ಅಂಕಣದ ಬಳಿಯಲ್ಲೇ ತಿಳಿಸಬೇಕು. ಒಂದು ತಪ್ಪಿನ ಕಾರಣದಿಂದ ಉಳಿದೆಲ್ಲ ಬರಹವನ್ನು ಅಳಿಸಿಹಾಕುವುದು ಅಕ್ಷಮ್ಯ.

ಬ್ಯಾಂಕ್ ಖಾತೆಯ ಸಂಖ್ಯೆಯು ನೋಟಕ್ಕೆ ಸಂಖ್ಯೆಯಾದರೂ ಕೂಡಿ ಕಳೆಯತಕ್ಕದ್ದಲ್ಲ. ಅದನ್ನು ಗಣಿತದ ಸಂಖ್ಯೆಯಂತೆ ಭಾವಿಸಿದರೆ ಆರಂಭದ ಸೊನ್ನೆಗಳು ಲೋಪವಾಗಿ, ಹಣವು ಸೇರಬೇಕಾದಲ್ಲಿ ಸೇರದು. ಆದುದರಿಂದ ಅದನ್ನು ಅಕ್ಷರಸರಣಿಯಾಗಿಯೇ ಸ್ವೀಕರಿಸುವುದು ಯುಕ್ತ.

ಕನ್ನಡಿಗರ ಹೆಸರುಗಳ ವಿಷಯದಲ್ಲಿ ವಿಶೇಷ ಎಚ್ಚರ ಅವಶ್ಯ. ನಮ್ಮಲ್ಲಿ ಅನೇಕರಿಗೆ ಉಪನಾಮವಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಇರುತ್ತವೆ. ಉಪನಾಮವನ್ನು ಕಡ್ಡಾಯಗೊಳಿಸಿದ ನಮೂನೆಯು ಅಂಥವರಿಂದ ಇಲ್ಲದ ಹೆಸರನ್ನು ಬರೆಯಿಸುತ್ತದೆ; ಮುಂದೆ ಆ ಹೆಸರು ಅಂಕಪಟ್ಟಿಯೊಡನೆ ಹೊಂದದೆ ತೊಡಕಾಗುತ್ತದೆ. ಹಾಗೆಯೇ ಕಣ್ಣಿಗೆ ಒಂದೇ ಅಕ್ಷರವಾದ "ಶ್ರೀ" ಯೂನಿಕೋಡಿನಲ್ಲಿ ನಾಲ್ಕು ಸಂಕೇತಗಳ ಸಮೂಹ. ಇಂಗ್ಲಿಷ್ ಅಕ್ಷರಗಳ ಲೆಕ್ಕದಿಂದ ಮಿತಿಯನ್ನು ವಿಧಿಸಿದರೆ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದ ದೂರವಾಣಿ ಸಂಖ್ಯೆಯನ್ನು ತಿರಸ್ಕರಿಸುವ ಬದಲು ತಾನೇ ಪರಿವರ್ತಿಸಿಕೊಳ್ಳುವ ನಮೂನೆಯು ಉತ್ತಮವಾದುದು.

ಸಂಪರ್ಕ ನಿಧಾನವಿದ್ದಾಗ ಅರ್ಜಿದಾರನು "ಸಲ್ಲಿಸು" ಎಂಬ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಸಹಜ. ಮೊದಲ ಒತ್ತಿಗೇ ಗುಂಡಿಯನ್ನು ಸ್ತಬ್ಧಗೊಳಿಸಿ, "ಕಳುಹಿಸಲಾಗುತ್ತಿದೆ" ಎಂದು ತೋರಿಸಬೇಕು. ಸಂಪರ್ಕ ಕಡಿದುಹೋದರೆ ಗುಂಡಿಯನ್ನು ಮರಳಿ ತೆರೆಯಬೇಕು.

ಇಷ್ಟಾದರೂ ಬ್ರೌಸರಿನ ಪರೀಕ್ಷೆ ಕೇವಲ ಸೌಜನ್ಯ, ಅದು ಕಾವಲಲ್ಲ. ತಿಳಿದವರು ಅದನ್ನು ಸುಲಭವಾಗಿ ದಾಟಬಲ್ಲರು. ಆದಕಾರಣ ಸರ್ವರಿನಲ್ಲಿ ಎಲ್ಲ ವಿವರಗಳ ಮರುಪರೀಕ್ಷೆಯೂ, ಒಂದೇ ಅರ್ಜಿ ಎರಡು ಬಾರಿ ದಾಖಲಾಗದಂತೆ ನಿರ್ಬಂಧವೂ ಅತ್ಯಗತ್ಯ.

ನಮೂನೆಯನ್ನು ಬಳಕೆಗೆ ಬಿಡುವ ಮುನ್ನ, ಗಣಕದ ಪರಿಚಯವಿಲ್ಲದ ಪೋಷಕರೊಬ್ಬರಿಂದ ಸಾಧಾರಣ ಮೊಬೈಲಿನಲ್ಲಿ ಅದನ್ನು ತುಂಬಿಸಿ ನೋಡುವುದು ಒಳಿತು. ಅವರು ತಡವರಿಸುವ ಸ್ಥಳವೇ ತಿದ್ದಬೇಕಾದ ಸ್ಥಳ. ಯಾರ ನೆರವೂ ಇಲ್ಲದೆ ಅವರು ಅರ್ಜಿಯನ್ನು ಪೂರ್ಣಗೊಳಿಸಿದಂದು ನಮೂನೆಯ ಉದ್ದೇಶ ಸಾರ್ಥಕವಾದಂತೆ.