ಶಾರೀರಕ್ಕೂ ಬೇಕು ವಿಶ್ರಾಂತಿ

ವೀಣೆಯ ತಂತಿ ಕಡಿದರೆ ಹೊಸದನ್ನು ಬಿಗಿಯಬಹುದು. ಮೃದಂಗದ ಚರ್ಮ ಹರಿದರೆ ಬೇರೆ ಹೊದಿಸಬಹುದು. ಆದರೆ ಹಾಡುಗಾರರ ವಾದ್ಯ ಅವರ ಕೊರಳಲ್ಲೇ ಇದೆ. ಅದರ ಬಿಡಿಭಾಗಗಳು ಯಾವ ಅಂಗಡಿಯಲ್ಲೂ ದೊರೆಯವು. ಹೀಗಿದ್ದರೂ ತಂಬೂರಿಗೆ ಗವಸು ಹೊಲಿಸಿ ಜೋಪಾನ ಮಾಡುವ ಗಾಯಕರೇ ಕಟ್ಟಿದ ಗಂಟಲಿನಲ್ಲಿ ಮೂರು ಗಂಟೆ ಹಾಡಿ, ಮರುದಿನ ಮತ್ತೊಂದು ಊರಿನ ಕಚೇರಿಗೆ ಹೊರಡುವುದುಂಟು. ಒಪ್ಪಿಕೊಂಡ ಕಾರ್ಯಕ್ರಮ ತಪ್ಪಿಸಿದರೆ ಮತ್ತೆ ಕರೆಯುವವರಿಲ್ಲ ಎಂಬ ಅಂಜಿಕೆ ಒಂದೆಡೆ. 'ಶಾರೀರ ಹೋಯಿತಂತೆ' ಎಂಬ ಮಾತು ಹರಡೀತೆಂಬ ಸಂಕೋಚ ಇನ್ನೊಂದೆಡೆ. ಶಾರೀರ ಕೆಡುವುದು ಬಹುಮಟ್ಟಿಗೆ ಈ ಅಂಜಿಕೆ, ಸಂಕೋಚಗಳಿಂದಲೇ.

ಬೆರಳಗಲದ ವಾದ್ಯ

ಶ್ವಾಸನಾಳದ ಮೇಲ್ತುದಿಯಲ್ಲಿ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎದುರುಬದುರಾಗಿ ಎರಡು ಸ್ವರತಂತುಗಳು. ಹೆಸರು ತಂತುವಾದರೂ ಅವು ತಂತಿಗಳಲ್ಲ. ಸ್ನಾಯುವಿನ ಮೇಲೆ ತೇವವಾದ ಮೃದು ಪೊರೆ ಹೊದ್ದ ಎರಡು ಮಡಿಕೆಗಳು. ಗಂಡಸರಲ್ಲಿ ಇವುಗಳ ಉದ್ದ ಸುಮಾರು 2 ಸೆಂಟಿಮೀಟರ್, ಹೆಂಗಸರಲ್ಲಿ ಇನ್ನೂ ಕಡಿಮೆ. ಶ್ವಾಸಕೋಶದಿಂದ ಹೊರಟ ಗಾಳಿ ಇವುಗಳ ನಡುವೆ ನುಗ್ಗಿದಾಗ ಮಡಿಕೆಗಳು ಕೂಡಿ ಬೇರ್ಪಡುತ್ತ ಕಂಪಿಸುತ್ತವೆ, ನಾದ ಹುಟ್ಟುತ್ತದೆ.

ಐದು ಮನೆ ಶ್ರುತಿಯಲ್ಲಿ ಹಾಡುವ ಗಾಯಕಿ ಮಧ್ಯಷಡ್ಜ ಹಿಡಿದಾಗ ಈ ಮಡಿಕೆಗಳು ಸೆಕೆಂಡಿಗೆ ಸುಮಾರು 196 ಸಲ ಒಂದಕ್ಕೊಂದು ತಾಗುತ್ತವೆ. ತಾರಷಡ್ಜದಲ್ಲಿ 392 ಸಲ. ಅಲ್ಲಿ ಹತ್ತು ಸೆಕೆಂಡು ನಿಂತರೆ ಸುಮಾರು ನಾಲ್ಕು ಸಾವಿರ ತಾಡನ! ಆರೋಗ್ಯವಂತ ಪೊರೆ ಇದನ್ನು ಸಹಿಸುತ್ತದೆ. ನೆಗಡಿಯಿಂದ ಊದಿಕೊಂಡ ಪೊರೆ ಸಹಿಸಲಾರದು.

ಕುತೂಹಲದ ಸಂಗತಿಯೆಂದರೆ, ಹಾಡುವಾಗ ಈ ಮಡಿಕೆಗಳು ಚಲಿಸುವ ಬಗೆಯನ್ನು ಕನ್ನಡಿಯಲ್ಲಿ ಕಂಡು ವಿವರಿಸಿದವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು. ಮ್ಯಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ ತಮ್ಮ ಕೊರಳನ್ನೇ ನೋಡಿಕೊಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಆ ವಿವರ ಒಪ್ಪಿಸಿದರು. ಇಂದು ಕಿವಿ-ಮೂಗು-ಗಂಟಲು ತಜ್ಞರು ತೆಳು ಕೊಳವೆಯ ತುದಿಯ ಕ್ಯಾಮೆರಾದಿಂದ ಅದನ್ನೇ ಪರದೆಯ ಮೇಲೆ ತೋರಿಸುತ್ತಾರೆ.

ಕಷಾಯ ಹೋಗುವುದೆಲ್ಲಿಗೆ?

ಗಂಟಲು ಕಟ್ಟಿತೆಂದರೆ ನಮ್ಮ ಮನೆಗಳಲ್ಲಿ ಮೆಣಸಿನ ಕಷಾಯ, ಜೇನುತುಪ್ಪ, ಕಲ್ಲುಸಕ್ಕರೆ, ಜ್ಯೇಷ್ಠಮಧು ಹೊರಬರುತ್ತವೆ. ಇವು ಗಂಟಲಿನ ಕೆರೆತಕ್ಕೆ ಹಿತ ನೀಡುವುದು ನಿಜ. ಆದರೆ ನುಂಗಿದ್ದೆಲ್ಲವೂ ಹಿಂದಿರುವ ಅನ್ನನಾಳಕ್ಕೆ ಇಳಿಯುತ್ತದೆ, ಸ್ವರತಂತುಗಳನ್ನು ಮುಟ್ಟುವುದಿಲ್ಲ. ಒಂದು ಹನಿ ಅಲ್ಲಿಗೆ ತಪ್ಪಿ ಹೋದರೂ ಕೆಮ್ಮು ಒದ್ದುಕೊಂಡು ಬರುತ್ತದೆ. ಕುಡಿದ ನೀರು ರಕ್ತದ ಮೂಲಕ ದೇಹಕ್ಕೆಲ್ಲ ಸೇರಿ ಪೊರೆಯ ತೇವವನ್ನು ಕಾಪಾಡಬೇಕು. ಆದ್ದರಿಂದ ವೇದಿಕೆ ಏರುವ ಮುನ್ನ ಲೋಟಗಟ್ಟಲೆ ಕುಡಿಯುವುದಕ್ಕಿಂತ ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಯುವುದು ಲೇಸು. ಉಸಿರಿನೊಂದಿಗೆ ನೇರವಾಗಿ ಅಲ್ಲಿಗೆ ತಲುಪುವುದು ಹಬೆ. ಹೊಗೆಯೂ ಹಾಗೆಯೇ ತಲುಪುತ್ತದೆ ಎಂಬುದನ್ನು ಬೀಡಿ ಸಿಗರೇಟು ಸೇದುವವರು ಮರೆಯಬಾರದು.

ಇನ್ನೊಂದು ಶತ್ರು ಹೊಟ್ಟೆಯಲ್ಲಿದೆ. ರಾತ್ರಿ ಕಚೇರಿ ಮುಗಿದ ಮೇಲೆ ಖಾರದ ಊಟ ಮಾಡಿ ಕೂಡಲೇ ಮಲಗಿದರೆ ಜಠರದ ಆಮ್ಲ ಮೇಲೇರಿ ಧ್ವನಿಪೆಟ್ಟಿಗೆಯನ್ನು ಕೆರಳಿಸಬಲ್ಲದು. ಎದೆಯುರಿ ಇಲ್ಲದೆಯೂ ಇದು ಆಗಬಹುದು. ಬೆಳಗಿನ ದನಿ ನಿತ್ಯವೂ ಒರಟಾಗಿದ್ದರೆ ಸಂಶಯ ಅತ್ತ ಹರಿಯಬೇಕು. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆಗಳ ಅಂತರವಿರಲಿ.

ಗಂಟು ಬೀಳುವ ಬಗೆ

ಹಾರೆ ಹಿಡಿದ ಕೈಯಲ್ಲಿ ಮೊದಲು ಬೊಬ್ಬೆ, ಆಮೇಲೆ ದಡ್ಡು. ಬಳಲಿದ ದನಿಯನ್ನು ಬಲವಂತದಿಂದ ದುಡಿಸಿದಾಗ ಸ್ವರತಂತುಗಳ ಮೇಲೂ ಹೀಗೆಯೇ ಪುಟ್ಟ ಗಂಟುಗಳು ಏಳುತ್ತವೆ. ಆಗ ಮಡಿಕೆಗಳು ಪೂರ್ತಿ ಕೂಡುವುದಿಲ್ಲ. ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ, ತಾರಸ್ಥಾಯಿ ಕೈಕೊಡುತ್ತದೆ. ಅದನ್ನು ಮುಚ್ಚಲು ಗಾಯಕರು ಇನ್ನಷ್ಟು ಒತ್ತಿ ಹಾಡುತ್ತಾರೆ. ಗಂಟು ಇನ್ನಷ್ಟು ಬಲಿಯುತ್ತದೆ. ಹಾಡುಗಾರರಿಗಷ್ಟೇ ಅಲ್ಲ, ಯಕ್ಷಗಾನದ ಭಾಗವತರು, ಹರಿಕಥೆ ದಾಸರು, ಶಾಲಾ ಮಾಸ್ತರರು ಎಲ್ಲರಿಗೂ ಈ ಅಪಾಯವಿದೆ.

ಸಮಾಧಾನದ ಮಾತೆಂದರೆ, ಇಂಥ ಗಂಟುಗಳಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಕತ್ತರಿಯಲ್ಲ. ದನಿಯನ್ನು ಬಳಸುವ ರೀತಿಯನ್ನೇ ತಿದ್ದುವ ಧ್ವನಿಚಿಕಿತ್ಸೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ.

ಮೌನವೂ ಸಾಧನೆಯೇ

ಕೆಲಕಾಲ ಹಾಡದಿದ್ದರೆ ಸಂಗೀತ ಮುಗಿಯಿತೆಂದು ಹೆದರುವವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ನೆನೆಯಬೇಕು. 1940ರ ದಶಕದ ಕೊನೆಗೆ ಕ್ಷಯ ಅವರ ಒಂದು ಶ್ವಾಸಕೋಶವನ್ನು ನಿಷ್ಪ್ರಯೋಜಕ ಮಾಡಿತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ ಅವರು ಸುತ್ತಲಿನ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಮುಂದಿನ ದಶಕದಲ್ಲಿ ಮರಳಿ ಹಾಡಿದಾಗ, ಇದ್ದ ಉಸಿರಿಗೆ ಒಗ್ಗುವ ಹೊಸ ಗಾಯನ ಅವರದಾಗಿತ್ತು.

ಗಂಗೂಬಾಯಿ ಹಾನಗಲ್ಲರ ಎಳೆಯ ವಯಸ್ಸಿನ ಕಂಠ ಎತ್ತರದ್ದಾಗಿತ್ತು. ಗಂಟಲಿನ ತೊಂದರೆ, ಚಿಕಿತ್ಸೆಗಳ ನಂತರ ಅದು ಗಂಡುದನಿಯಂತೆ ಗಂಭೀರವಾಯಿತು. ಅವರು ಹಳೆಯ ಕಂಠವನ್ನು ಹುಡುಕಿ ಹೊರಡಲಿಲ್ಲ. ಹೊಸ ದನಿಗೆ ತಕ್ಕಂತೆ ಹಾಡಿ, ಅದನ್ನೇ ಕಿರಾಣಾ ಘರಾಣೆಯ ಹೆಮ್ಮೆಯಾಗಿಸಿದರು.

ಗಂಟಲು ಕಟ್ಟಿದ ದಿನ ಹಾಡು ಬೇಡ, ಕೂಗು ಬೇಡ. ಒತ್ತಿ ಆಡುವ ಪಿಸುಮಾತೂ ಬೇಡ, ಅದೂ ಶ್ರಮವೇ. ಮತ್ತೆ ಮತ್ತೆ ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು ಕುಡಿಯಿರಿ. ನೋವಿನ ಮಾತ್ರೆ ನುಂಗಿ ವೇದಿಕೆ ಏರುವುದು ಎಚ್ಚರಿಕೆಯ ಗಂಟೆಗೆ ಬಟ್ಟೆ ಸುತ್ತಿದಂತೆ. ದನಿ ಒಡೆಯುವ ವಯಸ್ಸಿನ ಹುಡುಗರಿಗೆ ಗುರುಗಳು ಹಳೆಯ ಶ್ರುತಿಯನ್ನೇ ಹೇರದಿರಲಿ. ದನಿಯ ಒರಟುತನ ಮೂರು ವಾರ ಮೀರಿದರೆ ತಜ್ಞರಿಗೆ ತೋರಿಸಲೇಬೇಕು. ಕ್ಯಾನ್ಸರಿನ ಮೊದಲ ಸುಳಿವೂ ಅದಾಗಿರಬಹುದು. ಹಾಡುತ್ತಿರುವಾಗಲೇ ದನಿ ಹಠಾತ್ತನೆ ನಿಂತರೆ, ಕಫದಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ ಅಷ್ಟು ದಿನವೂ ಕಾಯಬಾರದು.

ಸಂಘಟಕರಿಗೂ ಶ್ರೋತೃಗಳಿಗೂ ಇದರಲ್ಲಿ ಪಾಲಿದೆ. 'ಇಂದು ಗಂಟಲು ಸರಿಯಿಲ್ಲ' ಎಂದ ಕಲಾವಿದರ ಕಚೇರಿಯನ್ನು ಒಂದು ತಿಂಗಳು ಮುಂದೂಡಿದರೆ ನಷ್ಟವಾಗುವುದು ಒಂದು ಸಂಜೆ ಮಾತ್ರ.