ಆಷಾಢದ ಗಾಳಿ ಮತ್ತು ಹೊಸಬರ ಗಾಳಿಪಟ

ಆಷಾಢ ಮಾಸದಲ್ಲಿ ಮದುವೆ ಮುಂಜಿಗಳಿಲ್ಲ. ವಾಲಗದ ಸದ್ದೂ ಇಲ್ಲ. ಆ ತಿಂಗಳು ಪೂರ್ತಿ ಸದ್ದು ಮಾಡುವ ಹಕ್ಕು ಗಾಳಿಯದು. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಆಗ ಮನೆಯ ಹೆಂಚುಗಳು ಅಲುಗುತ್ತವೆ. ಒಣಗಹಾಕಿದ ಪಂಚೆ ನೆರೆಮನೆಯ ಮಾಡನ್ನು ಸೇರುತ್ತದೆ. ಹುಡುಗರ ಕೈಯಲ್ಲಿ ಗಾಳಿಪಟಗಳು ಕಾಣಿಸಿಕೊಳ್ಳುತ್ತವೆ.

ಅಂಥ ಒಂದು ಮಧ್ಯಾಹ್ನ ನಾವು ಕೆಲವು ವಿದ್ಯಾರ್ಥಿಗಳೊಡನೆ ಮುದ್ದೇನಹಳ್ಳಿಗೆ ಹೋಗಿದ್ದೆವು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಾಧಿಯನ್ನು ನೋಡಿ ಹೊರಬಂದು, ಬಯಲಿನಲ್ಲಿ ಪಟ ಹಾರಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬ ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ದೊಡ್ಡದೊಂದು ಗಾಳಿಪಟ ಮನುಷ್ಯನೊಬ್ಬನನ್ನು ಹಲಗೆಯ ಮೇಲೆ ನಿಲ್ಲಿಸಿಕೊಂಡು ಕಡಲಿನ ಮೇಲೆ ಎಳೆದೊಯ್ಯುತ್ತಿತ್ತು. ಕೈಟ್‌ಸರ್ಫಿಂಗ್ ಎಂಬ ಈ ಆಟ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆಯಿತು. ಸ್ಪರ್ಧೆ ನಡೆದದ್ದು ಮಾರ್ಸೇ ನಗರದ ಕಡಲಿನಲ್ಲಿ.

"ಸಾರ್, ಇದನ್ನು ನಾವೂ ಕಲಿಯಬಹುದೇ?" ಎಂದ ಆತ.

"ಕಲಿಯಬಹುದಪ್ಪ. ಆದರೆ ಮುದ್ದೇನಹಳ್ಳಿಗೆ ಕಡಲು ಬರುವ ತನಕ ಕಾಯಬೇಕು" ಎಂದೆವು.

"ಗಾಳಿ ಬಂದಾಗಿದೆಯಲ್ಲ ಸಾರ್!"

ಹುಡುಗನ ಮಾತಿನಲ್ಲಿ ತಥ್ಯವಿತ್ತು. ಆ ಆಟದಲ್ಲಿ ಕಡಲಿನ ಪಾಲು ಅರ್ಧ. ಗಾಳಿಯ ಪಾಲು ಅರ್ಧ. ಕಡಲತೀರದ ಶಾಲೆಗಳಲ್ಲಿಯೂ ಮೊದಲ ಪಾಠ ನೀರಿನಲ್ಲಲ್ಲ, ನೆಲದ ಮೇಲೆ, ಚಿಕ್ಕ ಪಟವೊಂದರಿಂದ ಆರಂಭವಾಗುತ್ತದೆ. ಆ ಪಾಠಕ್ಕೆ ನಮ್ಮ ಬಯಲು ಸಾಲದೆ? ಗಾಳಿಪಟವೆಂಬ ಈ ಸಾಮಾನನ್ನು ಹೊಸಬರು ಹೇಗೆ ಹಿಡಿಯಬೇಕು, ಹೇಗೆ ಬಿಡಬೇಕು ಎಂಬುದನ್ನು ವಿಚಾರಿಸೋಣ.

ಗಾಳಿ ಬರುವುದೆಲ್ಲಿಂದ?

ಗುಜರಾತಿನಲ್ಲಿ ಗಾಳಿಪಟದ ಹಬ್ಬ ಸಂಕ್ರಾಂತಿಗೆ, ನಮ್ಮಲ್ಲಿ ಆಷಾಢಕ್ಕೆ. ಇದಕ್ಕೆ ಕಾರಣ ನೈರುತ್ಯ ಮಾರುತ. ಪಡುಗಡಲಿನಿಂದ ಬರುವ ಈ ಮಾರುತ ತನ್ನ ಮಳೆಯ ಬಹುಭಾಗವನ್ನು ಪಶ್ಚಿಮ ಘಟ್ಟಗಳ ಮೇಲೆ ಸುರಿದುಬಿಡುತ್ತದೆ. ಘಟ್ಟಗಳನ್ನು ದಾಟಿ ಮೂಡಲ ಸೀಮೆಗೆ ಬರುವಾಗ ಅದರಲ್ಲಿ ನೀರು ಕಡಿಮೆ, ಓಟ ಹೆಚ್ಚು. ನಮ್ಮ ಕಡೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆಷಾಢದಲ್ಲಿ ನಮಗೆ ದೊರೆಯುವುದು ಮಳೆಯ ಆಸೆ ಮತ್ತು ಗಾಳಿಯ ನಿಜ.

ಈ ಗಾಳಿಯ ಇನ್ನೊಂದು ವಿಶೇಷವನ್ನು 1966ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ನಮ್ಮ ದೇಶದ ಪವನವಿಜ್ಞಾನಿಗಳು ಪ್ರಕಟಿಸಿದರು. ಜುಲೈ ತಿಂಗಳಿನಲ್ಲಿ ದಕ್ಷಿಣ ಭಾರತದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಪಡುವಣ ಗಾಳಿಯ ರಭಸವಾದ ಹೊನಲೊಂದು ಹರಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಈ ಹೊನಲು ಒಂದೇ ಕಡೆ ನಿಲ್ಲುವುದಿಲ್ಲ. ಕೆಲವು ದಿನ ಉತ್ತರಕ್ಕೆ, ಕೆಲವು ದಿನ ದಕ್ಷಿಣಕ್ಕೆ ಸರಿಯುತ್ತಿರುತ್ತದೆ. ನಂದಿಬೆಟ್ಟದ ಎತ್ತರ 1,478 ಮೀಟರ್ ಎಂಬುದನ್ನು ನೆನೆದರೆ ಆಷಾಢದಲ್ಲಿ ಬೆಟ್ಟದ ತುದಿಯಲ್ಲಿ ನಿಂತವರ ಟೋಪಿ ಏಕೆ ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. ಬೆಟ್ಟದ ತಲೆ ಹೆಚ್ಚುಕಡಮೆ ಆ ಹೊನಲಿನ ಎತ್ತರದಲ್ಲಿಯೇ ಇದೆ!

ಬಯಲಿನಲ್ಲಿ ನಿಂತ ನಮಗೆ ದೊರೆಯುವುದು ಆ ಹೊನಲಿನ ತಳದ ಗಾಳಿ. ನೆಲ, ಮರ, ಮನೆಗಳ ತಡೆಯಿಂದ ಅದರ ವೇಗ ತಗ್ಗಿರುತ್ತದೆ. ಮೇಲೆ ಹೋದಂತೆ ವೇಗ ಹೆಚ್ಚು. ಆದ್ದರಿಂದಲೇ ಆಳೆತ್ತರದಲ್ಲಿ ಮುಗ್ಗರಿಸುವ ಪಟ ತೆಂಗಿನಮರದ ಎತ್ತರವನ್ನು ದಾಟಿದೊಡನೆ ಸಭ್ಯವಾಗಿ ನಿಲ್ಲುತ್ತದೆ.

ಪಟ ಏರುವುದೇಕೆ?

ಪಟ ಗಾಳಿಗೆ ಓರೆಯಾಗಿ ನಿಂತಿರುತ್ತದೆ. ಬಂದ ಗಾಳಿಯನ್ನು ಅದು ಕೆಳಕ್ಕೆ ತಿರುಗಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ಪಟವನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಪಟದ ತೂಕ ಕೆಳಕ್ಕೆ ಎಳೆಯುತ್ತದೆ. ದಾರ ಕೆಳಕ್ಕೂ ಮುಂದಕ್ಕೂ ಎಳೆಯುತ್ತದೆ. ಈ ಮೂರು ಬಲಗಳು ಸಮತೋಲದಲ್ಲಿರುವ ತನಕ ಪಟ ಆಕಾಶದಲ್ಲಿ ನಿಂತಿರುತ್ತದೆ. ದಾರವನ್ನು ಕತ್ತರಿಸಿದರೆ ಪಟ ಸ್ವತಂತ್ರವಾಗಿ ಇನ್ನೂ ಮೇಲೇರುವುದೆಂದು ಮಕ್ಕಳು ಭಾವಿಸುವುದುಂಟು. ಆದರೆ ದಾರವಿಲ್ಲದ ಪಟ ಗಾಳಿಯೊಡನೆ ತೇಲಿಹೋಗುತ್ತದೆ. ಪಟಕ್ಕೆ ಬೀಸುವ ಗಾಳಿಯೇ ಆಗ ಉಳಿಯುವುದಿಲ್ಲ. ಬೀಳದೆ ಬೇರೆ ದಾರಿಯಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಗಾಳಿಯ ತಳ್ಳುಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಮುದ್ದೇನಹಳ್ಳಿಯ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.1 ಕಿಲೋಗ್ರಾಂ. ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುತ್ತಿದೆ ಎಂದಿಟ್ಟುಕೊಳ್ಳೋಣ. ಅರ್ಧ ಮೀಟರ್ ಬದಿಯ ಚೌಕದ ಪಟದ ಮೇಲೆ ಬೀಳುವ ಬಲ, ಸ್ಥೂಲವಾಗಿ, 350 ಗ್ರಾಂ ತೂಕದಷ್ಟು. ಗಾಳಿಯ ವೇಗ 10 ಮೀಟರಿಗೆ ಏರಿದರೆ ಅದು 1.4 ಕಿಲೋಗ್ರಾಂ ಆಗುತ್ತದೆ. ಹೊಲಿಗೆಯ ದಾರ ತುಂಡಾಗುವುದು ಇಲ್ಲಿಯೇ.

ಈಗ ಕಡಲಾಟದ ಪಟವನ್ನು ನೋಡಿರಿ. ಅದರ ವಿಸ್ತಾರ 10 ಚದರ ಮೀಟರ್ ಇದ್ದರೆ ಅದೇ ಗಾಳಿಯಲ್ಲಿ ಬಲ ಸುಮಾರು 56 ಕಿಲೋಗ್ರಾಂ. ಎಂದರೆ ಒಬ್ಬ ಕಾಲೇಜು ವಿದ್ಯಾರ್ಥಿಯ ತೂಕ. ಆ ಪಟ ಆಕಾಶದಲ್ಲಿ ಅಡ್ಡಡ್ಡಲಾಗಿ ಧಾವಿಸತೊಡಗಿ ಅದಕ್ಕೆ ತಾಗುವ ಗಾಳಿಯ ವೇಗ ಇಮ್ಮಡಿಸಿದರೆ ಬಲ 200 ಕಿಲೋಗ್ರಾಮನ್ನೂ ಮೀರುತ್ತದೆ. ಆಗ ಯಾರು ಯಾರನ್ನು ಹಾರಿಸುತ್ತಿರುವರೆಂಬುದು ಚರ್ಚಾಸ್ಪದ ವಿಷಯ. ಚಿಕ್ಕ ಪಟದಿಂದ ಆರಂಭಿಸಬೇಕೆಂದು ಗುರುಗಳು ಹೇಳುವುದು ಈ ಲೆಕ್ಕದಿಂದಲೇ.

ಈ ಬಲವನ್ನು ದುಡಿಸಿಕೊಳ್ಳುವ ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಪೊಕಾಕ್ ಎಂಬ ಉಪಾಧ್ಯಾಯ 1826ರಲ್ಲಿಯೇ ಕುದುರೆಗಳ ಬದಲು ಗಾಳಿಪಟಗಳು ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದ. ರೈಟ್ ಸೋದರರು ವಿಮಾನಕ್ಕೆ ಮೊದಲು, 1899ರಲ್ಲಿ, ಗಾಳಿಪಟವೊಂದರ ರೆಕ್ಕೆಯನ್ನು ತಿರುಚಿ ಪರೀಕ್ಷಿಸಿದರು. 1984ರಲ್ಲಿ ಫ್ರಾನ್ಸಿನ ಲೆಗೆನ್ಯೂ ಸೋದರರು ನೀರಿಗೆ ಬಿದ್ದರೂ ಮುಳುಗದ, ಗಾಳಿ ತುಂಬಿದ ಪಟಕ್ಕೆ ಪೇಟೆಂಟ್ ಮಾಡಿಸಿದರು. ಇಂದಿನ ಕಡಲಾಟ ಅದರಿಂದ ಬೆಳೆಯಿತು.

ಹೊಸಬರಿಗೆ ಕೆಲವು ಸೂಚನೆಗಳು

ಮೊದಲನೆಯದು, ಜಾಗ. ಗಾಳಿ ಬರುವ ದಿಕ್ಕಿನಲ್ಲಿ ನೀಲಗಿರಿ ತೋಪಾಗಲಿ ಮನೆಯಾಗಲಿ ಇದ್ದರೆ ಅದರ ಹಿಂದೆ ಗಾಳಿ ಸುಳಿಸುಳಿಯಾಗುತ್ತದೆ. ಹತ್ತು ಮೀಟರ್ ಎತ್ತರದ ಮರವಿದ್ದರೆ ನೂರು ಮೀಟರಾದರೂ ದೂರ ಹೋಗಿ ನಿಲ್ಲಿರಿ. ಹೊಸಬನ ಪಟ ಮರವನ್ನು ಹುಡುಕಿಕೊಂಡು ಹೋಗುತ್ತದೆಂಬುದು ಭೌತಶಾಸ್ತ್ರದ ನಿಯಮವಲ್ಲ. ಆದರೆ ಅದಕ್ಕೆ ಅಪವಾದವನ್ನು ನಾವು ಕಂಡಿಲ್ಲ.

ಎರಡನೆಯದು, ಏರಿಸುವುದು. ಪಟ ಹಿಡಿದು ಓಡಬೇಡಿರಿ. ಓಡುವವನು ಹಿಂದೆ ನೋಡುತ್ತಾನೆ, ಮುಂದೆ ಹಳ್ಳವಿರುತ್ತದೆ. ಗಾಳಿಗೆ ಬೆನ್ನು ಮಾಡಿ ನಿಲ್ಲಿರಿ. ಗೆಳೆಯನೊಬ್ಬ ಇಪ್ಪತ್ತು ಮೀಟರ್ ಮುಂದೆ ಪಟವನ್ನು ಎತ್ತಿ ಹಿಡಿಯಲಿ. ದಾರ ಬಿಗಿಯಾದೊಡನೆ ಅವನು ಕೈಬಿಡಲಿ; ನೀವು ದಾರವನ್ನು ಎಳೆಯಿರಿ. ಗಾಳಿಯಿದ್ದರೆ ಪಟ ಏರುತ್ತದೆ. ಗಾಳಿಯಿಲ್ಲದಿದ್ದರೆ ಓಡಿದರೂ ಉಳಿಯುವುದು ಆಯಾಸ ಮಾತ್ರ.

ಮೂರನೆಯದು, ಸೂತ್ರ. ಪಟದ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಕಟ್ಟಿ, ನಡುವೆ ದಾರಕ್ಕೆ ಗಂಟು ಹಾಕುವ ಈ ಎರಡೆಳೆಯೇ ಪಟದ ಬುದ್ಧಿ. ಪಟ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನು ಅದು ನಿರ್ಣಯಿಸುತ್ತದೆ. ಪಟ ಬಲವಾಗಿ ಎಳೆಯುತ್ತಿದ್ದರೂ ಮೇಲೇರದೆ ದೂರದಲ್ಲಿ ತಗ್ಗಿ ನಿಂತಿದ್ದರೆ ಗಂಟನ್ನು ಒಂದು ಬೆರಳಿನಗಲ ಮೇಲಕ್ಕೆ ಸರಿಸಿರಿ. ಪಟ ಮುಂದಕ್ಕೆ ಮುಗ್ಗರಿಸಿ ದಾರ ಸಡಿಲವಾಗುತ್ತಿದ್ದರೆ ಕೆಳಕ್ಕೆ ಸರಿಸಿರಿ. ಪಟ ಹಾರಲಿಲ್ಲವೆಂದು ಕಾಗದವನ್ನು ಬೈಯುವವರು ಬಹಳ. ಗಂಟನ್ನು ನೋಡುವವರು ಕಡಿಮೆ.

ನಾಲ್ಕನೆಯದು, ಬಾಲಂಗೋಚಿ. ಅದು ತೂಕಕ್ಕಾಗಿ ಕಟ್ಟುವುದೆಂದು ಹಲವರ ನಂಬಿಕೆ. ಹಾಗಿದ್ದರೆ ಕಲ್ಲನ್ನು ಕಟ್ಟಿದರೂ ಸಾಕಿತ್ತು! ಬಾಲದ ಮುಖ್ಯ ಕೆಲಸ ಗಾಳಿಗೆ ತಡೆಯೊಡ್ಡುವುದು. ಪಟ ಪಕ್ಕಕ್ಕೆ ತಿರುಗಿದೊಡನೆ ಅದರ ಕೆಳತುದಿಯನ್ನು ಗಾಳಿಯ ದಿಕ್ಕಿಗೆ ಮತ್ತೆ ಎಳೆದು ನಿಲ್ಲಿಸುತ್ತದೆ. ಆದ್ದರಿಂದ ಹಗುರವಾದ ಬಟ್ಟೆಯ ಚೂರುಗಳ ಬಾಲ ಮೇಲು. ಪಟದ ಉದ್ದದ ಐದಾರರಷ್ಟರಿಂದ ಆರಂಭಿಸಿ, ಪಟ ಗಿರಕಿ ಹೊಡೆದರೆ ಹೆಚ್ಚಿಸಿರಿ, ಏರಲು ಸೋಮಾರಿಯಾದರೆ ಕಡಿಮೆ ಮಾಡಿರಿ. ಅಜ್ಜಿಯ ಹಳೆಯ ಸೀರೆಯನ್ನು ಹರಿಯುವ ಮುನ್ನ ಅದು ಹಳೆಯದೇ ಎಂದು ಕೇಳಿ ತಿಳಿಯುವುದು ಕ್ಷೇಮ.

ಐದನೆಯದು, ದಾರ. ಅದನ್ನು ಬೆರಳಿಗೆ ಸುತ್ತಿಕೊಳ್ಳಬೇಡಿರಿ. ನಾವು ಒಮ್ಮೆ ಸುತ್ತಿಕೊಂಡೆವು. ಬೀಸುಗಾಳಿ ಬಂದಾಗ ಬಿಡಿಸಿಕೊಳ್ಳಲು ಆಗಲಿಲ್ಲ. ಇಂದಿಗೂ ಕರಿಹಲಗೆಯ ಮೇಲೆ ಸೂತ್ರಗಳನ್ನು ಬರೆಯುವಾಗ ತೋರುಬೆರಳಿನ ಕಲೆ ಆ ಪಾಠವನ್ನು ನೆನಪಿಸುತ್ತದೆ. ಕಡ್ಡಿಗೆ ಸುತ್ತಿ ಕಡ್ಡಿಯನ್ನು ಹಿಡಿಯಿರಿ. ದಾರ ಸಿಕ್ಕಾದರೆ ತುದಿಯನ್ನು ಎಳೆಯದೆ ಸಿಕ್ಕನ್ನು ಸಡಿಲಿಸಿರಿ. ಕಡಲಾಟದವರ ಪಟಕ್ಕೆ ಇಪ್ಪತ್ತು ಮೀಟರಿಗೂ ಮೀರಿದ ನಾಲ್ಕು ದಾರಗಳಿರುತ್ತವೆ. ಪಟ ಏರಿಸುವ ಮೊದಲು ಅವರು ಒಂದೊಂದನ್ನೂ ಬೆರಳುಗಳ ನಡುವೆ ಬಾಚುತ್ತಾ ನಡೆಯುತ್ತಾರೆ. ಜಡೆ ಹೆಣೆಯುವ ತಾಯಿಯ ತಾಳ್ಮೆ ಅಲ್ಲಿ ಬೇಕು.

ಬಿಡುವ ವಿದ್ಯೆ

ಪಟ ತಲೆಕೆಳಗಾಗಿ ನೆಲದ ಕಡೆಗೆ ಧಾವಿಸಿದಾಗ ಹೊಸಬ ಏನು ಮಾಡುತ್ತಾನೆ? ಗಾಬರಿಯಿಂದ ದಾರವನ್ನು ಎಳೆಯುತ್ತಾನೆ. ಎಳೆದಷ್ಟೂ ಪಟ ತನ್ನ ಮೂಗು ತೋರಿದ ದಿಕ್ಕಿಗೇ ಹೆಚ್ಚು ವೇಗದಿಂದ ಹೋಗುತ್ತದೆ. ಆಗ ಮಾಡಬೇಕಾದುದು ತದ್ವಿರುದ್ಧ: ದಾರವನ್ನು ಸಡಿಲಬಿಡುವುದು. ಸಡಿಲಬಿಟ್ಟ ಪಟ ರಭಸ ಕಳೆದುಕೊಂಡು ಎಲೆಯಂತೆ ತೇಲುತ್ತದೆ. ಮೂಗು ಮೇಲಕ್ಕೆ ತಿರುಗಿದಾಗ ಮತ್ತೆ ಎಳೆದುಕೊಳ್ಳಬಹುದು.

ಕಡಲಾಟದಲ್ಲಿಯೂ ಮೊದಲು ಕಲಿಸುವುದು ಇದನ್ನೇ. ಭಯವಾದಾಗ ಕೈ ತಾನಾಗಿ ಹಿಡಿಕೋಲನ್ನು ಮೈಗೆ ಎಳೆದುಕೊಳ್ಳುತ್ತದೆ. ಎಳೆದುಕೊಂಡರೆ ಪಟದ ಬಲ ಹೆಚ್ಚುತ್ತದೆ; ಬಿಟ್ಟರೆ ಪಟ ಗಾಳಿಗೆ ಚಪ್ಪಟೆಯಾಗಿ ಸೋಲುತ್ತದೆ. ಅದೂ ಸಾಲದಾದಾಗ ಪಟವನ್ನು ಪೂರ್ತಿ ಕಳಚಿಬಿಡುವ ಕೀಲೊಂದು ನಡುಪಟ್ಟಿಯ ಬಳಿ ಇರುತ್ತದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮಹನೀಯರು ಈ ತತ್ತ್ವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ತಾವಾಗಿ ತೆರೆದುಕೊಳ್ಳುತ್ತಿದ್ದುವು; ನೀರು ಇಳಿದಾಗ ಮುಚ್ಚಿಕೊಳ್ಳುತ್ತಿದ್ದುವು. ಬಲ ಮಿತಿಮೀರಿದಾಗ ಎದುರು ನಿಲ್ಲದೆ ದಾರಿ ಬಿಡುವುದು, ತಗ್ಗಿದಾಗ ಮತ್ತೆ ಹಿಡಿಯುವುದು. ಸೂತ್ರದ ಕೆಳಗಿನ ಎಳೆಯಲ್ಲಿ ಒಂದು ತುಂಡು ರಬ್ಬರನ್ನು ಸೇರಿಸಿರಿ. ಬಿರುಗಾಳಿ ಬಂದಾಗ ರಬ್ಬರು ಹಿಗ್ಗುತ್ತದೆ, ಪಟದ ಕೆಳತುದಿ ಹಿಂದಕ್ಕೆ ಸರಿದು ಪಟ ಚಪ್ಪಟೆಯಾಗುತ್ತದೆ, ದಾರದ ಎಳೆತ ಕಡಿಮೆಯಾಗುತ್ತದೆ. ಆ ಜಲಾಶಯದ ಬಾಗಿಲಿನ ತತ್ತ್ವ ನಿಮ್ಮ ಕಾಗದದ ಪಟದಲ್ಲಿಯೂ ಕೆಲಸ ಮಾಡುತ್ತಿರುತ್ತದೆ.

ನಗೆ ಸಲ್ಲದ ಮಾತು

ಇಲ್ಲಿಯ ತನಕ ನಗುತ್ತ ಬಂದೆವು; ಮುಂದಿನ ಮೂರು ಮಾತುಗಳಲ್ಲಿ ನಗೆಗೆ ಎಡೆಯಿಲ್ಲ. ಗಾಜಿನ ಪುಡಿ ಬಳಿದ ಮಾಂಜಾ ಮತ್ತು ನೈಲಾನ್ ದಾರ ಹಕ್ಕಿಯ ರೆಕ್ಕೆಯನ್ನೂ ಸೈಕಲ್ಲು, ಮೋಟಾರು ಬೈಸಿಕಲ್ಲುಗಳ ಸವಾರರ ಕೊರಳನ್ನೂ ಕೊಯ್ಯುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2017ರ ಜುಲೈನಲ್ಲಿ ನೈಲಾನ್ ಮತ್ತಿತರ ಕೃತಕ ಮಾಂಜಾಗಳನ್ನು ದೇಶದಾದ್ಯಂತ ನಿಷೇಧಿಸಿತು. ಸಾದಾ ಹತ್ತಿಯ ದಾರವನ್ನೇ ಬಳಸಿರಿ. ಮರಕ್ಕೆ ಸಿಕ್ಕಿದ ದಾರವನ್ನು ಎಟುಕಿದಷ್ಟು ಬಿಡಿಸಿ ತನ್ನಿರಿ. ಎರಡನೆಯದಾಗಿ, ವಿದ್ಯುತ್ ತಂತಿಗೆ ಸಿಕ್ಕಿದ ಪಟ ಇನ್ನು ನಿಮ್ಮದಲ್ಲ. ಹೊಲಗಳ ಮೇಲೆ ಹಾಯ್ದುಹೋಗುವ ತಂತಿಗಳಲ್ಲಿ 11,000 ವೋಲ್ಟ್ ಇರಬಹುದು. ತುಂತುರಿನಲ್ಲಿ ನೆನೆದ ದಾರ ವಿದ್ಯುತ್ತಿಗೆ ದಾರಿಯಾಗುತ್ತದೆ. ಹತ್ತು ರೂಪಾಯಿಯ ಕಾಗದಕ್ಕಾಗಿ ಕಂಬ ಹತ್ತಬೇಡಿರಿ, ಕೋಲು ಚಾಚಬೇಡಿರಿ. ಮೂರನೆಯದಾಗಿ, ಗುಡುಗು ಕೇಳಿಸಿದೊಡನೆ ಪಟವನ್ನು ಇಳಿಸಿರಿ. 1752ರಲ್ಲಿ ಗಾಳಿಪಟದಿಂದ ಮೋಡದ ವಿದ್ಯುತ್ತನ್ನು ಪರೀಕ್ಷಿಸಿದ ಫ್ರಾಂಕ್ಲಿನ್ ಬದುಕಿದ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಸಿಡಿಲಿನ ವಿದ್ಯುತ್ತನ್ನು ಸಲಾಕಿಯಿಂದ ಮನೆಯೊಳಕ್ಕೆ ತಂದು ಅಳೆಯಹೊರಟ ರಿಖ್ಮನ್ ಎಂಬ ಪ್ರಾಧ್ಯಾಪಕ ಬದುಕಲಿಲ್ಲ.

ಅಂದಹಾಗೆ, 1934ರ ಭಾರತೀಯ ವಿಮಾನ ಕಾಯಿದೆ ಗಾಳಿಪಟವನ್ನೂ ವಿಮಾನಗಳ ಪಂಗಡಕ್ಕೆ ಸೇರಿಸಿತ್ತು. ದೇವನಹಳ್ಳಿಯ ವಿಮಾನನಿಲ್ದಾಣ ನಮ್ಮಿಂದ ಬಹಳ ದೂರವಿಲ್ಲ. ಅದರ ಹತ್ತಿರ ಹೋಗದೆ, ನಮ್ಮ ಚಿಕ್ಕ ವಿಮಾನವನ್ನು ನಮ್ಮ ಬಯಲಿನಲ್ಲಿಯೇ ಹಾರಿಸುವುದು ಎರಡು ಕಡೆಯ ಚಾಲಕರಿಗೂ ಒಳ್ಳೆಯದು.

ಆ ದಿನ ಸಂಜೆ ನಮ್ಮ ವಿದ್ಯಾರ್ಥಿಯ ಪಟ ಮೂರು ಸಲ ನೆಲಕ್ಕೆ ಬಿತ್ತು. ನಾಲ್ಕನೆಯ ಸಲ ಅದು ಬೀಳಲು ಹೊರಟಾಗ ಆತ ಎಳೆಯಲಿಲ್ಲ. ಕೈಯನ್ನು ಮುಂದೆ ಚಾಚಿ ದಾರವನ್ನು ಬಿಟ್ಟ. ಪಟ ಒಂದು ಕ್ಷಣ ತೇಲಿ, ಮೂಗೆತ್ತಿ, ಮತ್ತೆ ಏರಿತು. ಅವನಿಗೆ ಕಡಲನ್ನು ಒದಗಿಸುವುದು ನಮ್ಮಿಂದಾಗದು. ಆದರೆ ಎಂದಾದರೊಂದು ದಿನ ಕಡಲ ದಡದಲ್ಲಿ ಗುರುವೊಬ್ಬರು "ಮೊದಲು ಬಿಡುವುದನ್ನು ಕಲಿ" ಎಂದಾಗ, "ಅದನ್ನು ಮುದ್ದೇನಹಳ್ಳಿಯಲ್ಲಿ ಕಲಿತಾಯಿತು" ಎಂದು ಆತ ಹೇಳಬಹುದು.