ಲಕ್ಷ ತಲೆಗೊಂದು ಸೂರು

ಮನೆಕಂದಾಯದ ರಸೀದಿಯನ್ನು ಆಮೂಲಾಗ್ರವಾಗಿ ಓದುವ ಗೃಹಸ್ಥರು ವಿರಳ. ಕೊನೆಯ ಮೊತ್ತವನ್ನು ನೋಡಿ, ನಿಟ್ಟುಸಿರುಬಿಟ್ಟು, ಅದನ್ನು ನಾಲ್ಕಾಗಿ ಮಡಿಸಿ ಕಪಾಟಿನಲ್ಲಿಡುವುದೇ ವಾಡಿಕೆ. ಆ ರಸೀದಿಯ ನಡುವೆ, ಇತರ ಉಪಕರಗಳ ಮಗ್ಗುಲಲ್ಲಿ, ‘ಭಿಕ್ಷುಕರ ಕರ’ವೆಂಬ ಸಾಲೊಂದಿರುತ್ತದೆ. ನೂರು ರೂಪಾಯಿ ಕಂದಾಯಕ್ಕೆ ಮೂರು ರೂಪಾಯಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮವು ವಿಧಿಸಿದ ಉಪಕರವದು. ವರ್ಷಕ್ಕೆ ಎರಡು ಸಾವಿರ ರೂಪಾಯಿ ಕಂದಾಯ ತೆರುವ ಹೊನ್ನಾವರದ ಗೃಹಸ್ಥನು, ತನಗೆ ಅರಿವಿಲ್ಲದೆಯೇ, 60 ರೂಪಾಯಿಗಳನ್ನು ನಿರ್ಗತಿಕರ ಹೆಸರಿನಲ್ಲಿ ತೆತ್ತಿರುತ್ತಾನೆ. ಅದೇ ಗೃಹಸ್ಥನು ಕೊನೆಯ ಬಸ್ಸಿನಿಂದಿಳಿದು ಮನೆಯತ್ತ ನಡೆಯುವಾಗ, ಅಂಗಡಿಯ ಜಗಲಿಯಲ್ಲಿ ಮುದುಡಿ ಮಲಗಿದವನನ್ನು ಕಂಡು, “ಸರಕಾರ ಇಂಥವರಿಗೇನಾದರೂ ಮಾಡಬಾರದೆ?” ಎಂದುಕೊಳ್ಳುತ್ತಾನೆ.

ಮಲಗಿದಾತನು ಭಿಕ್ಷುಕನೇ ಎಂಬುದು ಬೇರೆ ಪ್ರಶ್ನೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಯಲ್ಲಿ ಸೂರಿಲ್ಲದೆ ಮಲಗುವವರೆಲ್ಲ ಕೈಯೊಡ್ಡುವವರಲ್ಲ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರಗಳಂಥ ಕ್ಷೇತ್ರಗಳಿಗೆ ಯಾತ್ರಿಕರೊಡನೆ ನಿರ್ಗತಿಕರೂ ಬರುತ್ತಾರೆ. ವೃದ್ಧರು, ಮನೆಯವರಿಗೆ ಬೇಡವಾದವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು ಅಲ್ಲಿ ಉಳಿದುಬಿಡುವುದುಂಟು. ಇನ್ನೊಂದು ವರ್ಗ ದುಡಿಯುವವರದು. 1998ರಲ್ಲಿ ಕೊಂಕಣ ರೈಲ್ವೆಯು ಪೂರ್ಣವಾಗಿ ತೆರೆದ ಮೇಲೆ ಈ ಪಟ್ಟಣಗಳಿಗೆ ದೂರದ ಊರುಗಳು ಹತ್ತಿರವಾದುವು. ಹೆದ್ದಾರಿಯ ಕೆಲಸಕ್ಕೆ, ಹೋಟೆಲಿನ ಪಾತ್ರೆಗೆ, ಬಂದರಿನ ದೋಣಿಗೆ ಬಂದ ಕೂಲಿಗಳಲ್ಲಿ ಬಾಡಿಗೆಯ ಕೋಣೆ ಹಿಡಿಯಲಾಗದವರು ಸಿಕ್ಕಿದ ನೆರಳಿನಲ್ಲಿ ರಾತ್ರಿ ಕಳೆಯುತ್ತಾರೆ. ಶರಾವತಿಯ ಅಳಿವೆಯಾಚೆಗಿನ ಕಾಸರಕೋಡದಂಥ ಮೀನುಗಾರಿಕೆಯ ತಾಣದಲ್ಲಿ ದೋಣಿಯೇ ಹಾಸಿಗೆ, ಬಲೆಯೇ ತಲೆದಿಂಬು.

ವರ್ಷದಲ್ಲಿ ಎಂಟು ತಿಂಗಳು ಹೇಗೋ ಕಳೆಯುತ್ತದೆ. ಜೂನ್ ಬಂದೊಡನೆ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮನೆಯಿದ್ದ ಕೂಲಿಯು ಊರಿಗೆ ಹೊರಡುತ್ತಾನೆ. ಇಲ್ಲದವನಿಗೆ ಸಂಬಳವೂ ಹಾಸಿಗೆಯೂ ಒಂದೇ ದಿನ ತಪ್ಪುತ್ತವೆ. ಮೇಲೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನೂ ಮೀರುವ ಮಳೆ. ಗಾಳಿ ಬೀಸಿದರೆ ಜಗಲಿಯ ಒಳಗೋಡೆಯವರೆಗೂ ಇರಚಲು ಹೊಡೆಯುವ ಈ ಸೀಮೆಯಲ್ಲಿ ಜಗಲಿಯ ಮೇಲೆ ನಿದ್ರಿಸುವುದೆಂದರೇನೆಂಬುದನ್ನು ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಹಿಂದೆ ಛತ್ರಗಳೂ ಧರ್ಮಶಾಲೆಗಳೂ ಇದ್ದುವು. ಅವು ಯಾತ್ರಿಕನಿಗಾಗಿ ಕಟ್ಟಿದವು, ಎಂದರೆ ಹಿಂದಿರುಗಲು ಮನೆಯುಳ್ಳವನಿಗಾಗಿ. ಮನೆಯೇ ಇಲ್ಲದವನನ್ನು ಸರಕಾರವು ಮೊದಲು ಕಂಡದ್ದು ಕಾನೂನಿನ ಕಣ್ಣಿನಿಂದ. ಹಳೆಯ ಮೈಸೂರು ಸಂಸ್ಥಾನವು 1944ರಲ್ಲಿಯೇ ಭಿಕ್ಷಾಟನೆಯನ್ನು ನಿಷೇಧಿಸಿತ್ತು. ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಶಾಸನವು ಘಟ್ಟವಿಳಿದು ಬರಲಿಲ್ಲ. ಏಕೀಕರಣದ ತರುವಾಯ, 1975ರ ಶಾಸನವು ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ತಂದಿತು: ಭಿಕ್ಷೆ ಬೇಡುವವನನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುವುದು, ಅದರ ಖರ್ಚಿಗೆ ಪೌರಸಂಸ್ಥೆಗಳು ಆ ಮೂರು ಪ್ರತಿಶತ ಕರವನ್ನು ವಸೂಲುಮಾಡಿ ಕೇಂದ್ರ ಪರಿಹಾರ ಸಮಿತಿಗೆ ಒಪ್ಪಿಸುವುದು. ಒಪ್ಪಿಸುವ ಮಾತಿನಲ್ಲಿಯೇ ತೊಡಕು ಬಂತು. ಬೆಂಗಳೂರು ಮಹಾನಗರ ಪಾಲಿಕೆಯೂ ಸೇರಿದಂತೆ ಹಲವು ಸಂಸ್ಥೆಗಳು ಜನರಿಂದ ಪಡೆದ ಹಣವನ್ನು ಪೂರ್ತಿಯಾಗಿ ಸಂದಾಯಮಾಡದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡುವು. ಬಡವನ ಹೆಸರಿನಲ್ಲಿ ಎತ್ತಿದ ಹಣಕ್ಕೆ ತಿಜೋರಿಯಲ್ಲಿ ಸಿಕ್ಕಷ್ಟು ಆಶ್ರಯವು ಬಡವನಿಗೆ ಬೀದಿಯಲ್ಲಿ ಸಿಕ್ಕಲಿಲ್ಲವೆಂದರೆ ಕಟುವಾದೀತು, ಆದರೂ ಸುಳ್ಳಾಗದು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ನಿವಾಸಿಗಳು ಒಬ್ಬರ ಹಿಂದೊಬ್ಬರಂತೆ ಸತ್ತಾಗ ನಾಡೇ ಬೆಚ್ಚಿತು. ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ಕೊಡಬೇಕಾಯಿತು.

ಹಿಡಿದು ಕೂಡಿಹಾಕುವುದಲ್ಲ, ಬಾಗಿಲು ತೆರೆದಿಡುವುದು ಎಂಬ ಬೇರೊಂದು ದಾರಿ ಸುಮಾರು ಅದೇ ವೇಳೆಗೆ ದಿಲ್ಲಿಯಿಂದ ಹೊರಟಿತು. 2009ರ ಡಿಸೆಂಬರಿನ ಚಳಿಯಲ್ಲಿ ಅಲ್ಲಿಯ ನಗರಪಾಲಿಕೆಯು ಪೂಸಾ ರಸ್ತೆಯ ತಾತ್ಕಾಲಿಕ ಆಶ್ರಯವೊಂದನ್ನು ಕೆಡವಿತು. ಆ ಸುದ್ದಿಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಆಹಾರದ ಹಕ್ಕಿನ ಮೊಕದ್ದಮೆಯ ಅಂಗವಾಗಿ ವಿಚಾರಣೆಗೆ ಬಂತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರುವ ಆಶ್ರಯಗಳು ಬೇಕೆಂದು ನ್ಯಾಯಾಲಯವು ವಿಧಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದನ್ನೇ ಸೂತ್ರವಾಗಿ ಹಿಡಿದು ಪೌರಸಂಸ್ಥೆಗಳಿಗೆ ಅನುದಾನದ ದಾರಿ ಮಾಡಿತು. ಒಂದು ಆಶ್ರಯಕ್ಕೆ 50 ಜನ. ತಲೆಗೆ 50 ಚದರಡಿ. ಜಾಗವನ್ನು ಊರೇ ಕೊಡಬೇಕು, ವರದಿಯನ್ನು ಊರೇ ಬರೆಯಬೇಕು. ರಾಜ್ಯಮಟ್ಟದ ಸಮಿತಿಯು ಒಪ್ಪಿದರೆ ಹಣವು ಕಂತುಗಳಲ್ಲಿ ಬರುವುದು. ನಡೆಸುವ ಖರ್ಚಿಗೆ ವರ್ಷಕ್ಕೆ 6 ಲಕ್ಷ ರೂಪಾಯಿ, ಅದೂ ಐದು ವರ್ಷ ಮಾತ್ರ. ಭಾಗಿಸಿ ನೋಡಿದರೆ ಒಬ್ಬನ ಒಂದು ರಾತ್ರಿಗೆ ಸುಮಾರು 33 ರೂಪಾಯಿ. ಕಾವಲುಗಾರನ ಸಂಬಳ, ದೀಪ, ನೀರು, ಹೊದಿಕೆ, ಎಲ್ಲವೂ ಅದರೊಳಗೆ. ಹೊನ್ನಾವರದ ಗೃಹಸ್ಥನು ಭಿಕ್ಷುಕರ ಕರವಾಗಿ ತೆತ್ತ 60 ರೂಪಾಯಿಯು ಒಬ್ಬನ ಎರಡು ರಾತ್ರಿಗೆ ಆರು ರೂಪಾಯಿ ಕಡಮೆ. ಆದರೆ ಆ ಹಣದ ಚೀಲ ಬೇರೆ, ಈ ಅನುದಾನದ ಚೀಲ ಬೇರೆ. ಒಂದರ ಬಾಯಿ ಇನ್ನೊಂದಕ್ಕೆ ತೆರೆಯದು.

ಲಕ್ಷಕ್ಕೊಂದು ಎಂಬ ಸೂತ್ರವು ದಿಲ್ಲಿಗೆ, ಬೆಂಗಳೂರಿಗೆ, ಹುಬ್ಬಳ್ಳಿ-ಧಾರವಾಡಕ್ಕೆ ಸರಿ. ಉತ್ತರ ಕನ್ನಡದಲ್ಲಿ 2011ರ ಜನಗಣತಿಯಂತೆ ಲಕ್ಷ ಮುಟ್ಟಿದ ಪಟ್ಟಣ ಒಂದೂ ಇರಲಿಲ್ಲ; ಜಿಲ್ಲೆಯ ಮುಖ್ಯಸ್ಥಳವಾದ ಕಾರವಾರವೂ ಮುಟ್ಟಿರಲಿಲ್ಲ. ಹೊನ್ನಾವರ ಪಟ್ಟಣ ಪಂಚಾಯತಿಯದು ಸುಮಾರು 19 ಸಾವಿರ. ಭಟ್ಕಳ, ಕುಮಟಾ ಪುರಸಭೆಗಳು ಅರ್ಧ ಲಕ್ಷದ ಕೆಳಗೆ. ಅಭಿಯಾನವು ಮೊದಲು ಜಿಲ್ಲಾ ಕೇಂದ್ರಗಳಿಗೂ ಲಕ್ಷ ಮೀರಿದ ನಗರಗಳಿಗೂ ಸೀಮಿತವಾಗಿತ್ತು. 2016ರಲ್ಲಿ ಸಣ್ಣ ಪಟ್ಟಣಗಳಿಗೂ ಬಾಗಿಲು ತೆರೆಯಿತೆನ್ನುವುದು ನಿಜ; ಹೊಸ್ತಿಲು ಮಾತ್ರ ಎತ್ತರದಲ್ಲಿಯೇ ಉಳಿಯಿತು. ಐದು ವರ್ಷಗಳ ಬಳಿಕ ಆಶ್ರಯದ ಖರ್ಚನ್ನು ತಾನೇ ಹೊರಬೇಕೆಂದಾಗ, ಬೀದಿದೀಪ, ಕುಡಿಯುವ ನೀರಿಗೇ ತಡಕಾಡುವ ಪಟ್ಟಣ ಪಂಚಾಯತಿಯು ಅರ್ಜಿ ಬರೆಯುವ ಮುನ್ನ ಎರಡು ಸಲ ಯೋಚಿಸಿದರೆ ದೂರುವುದು ಹೇಗೆ? ಅಭಿಯಾನದ ಅವಧಿಯೂ 2024ರಲ್ಲಿ ಮುಗಿಯಿತು.

ಇನ್ನು ಕಾಸರಕೋಡದ ಮಾತು. ಸೇತುವೆಯ ಉತ್ತರಕ್ಕೆ ಹೊನ್ನಾವರ, ಅದು ಪಟ್ಟಣ. ದಕ್ಷಿಣಕ್ಕೆ ಕಾಸರಕೋಡ, ಅದು ಗ್ರಾಮ. ನಗರದ ವಸತಿಹೀನರಿಗೆಂದು ಮಾಡಿದ ಯೋಜನೆಯು ಹೊಳೆಯ ದಡದಲ್ಲಿಯೇ ನಿಲ್ಲುತ್ತದೆ. ದೋಣಿಯಲ್ಲಿ ಮಲಗುವ ಕೂಲಿಯು ಸೇತುವೆ ದಾಟಿ ಬಂದರೆ ನಗರದ ನಿರ್ಗತಿಕ, ದಾಟದಿದ್ದರೆ ಯಾವ ಪಟ್ಟಿಗೂ ಸೇರದವ. ಇದೇ ಕಾಸರಕೋಡದ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲಾಗ್’ ಎಂಬ ಅಂತಾರಾಷ್ಟ್ರೀಯ ಮನ್ನಣೆ ಬಂದಿತು. ಸಂಜೆಗೆ ಮನೆಗೆ ಮರಳುವ ಪ್ರವಾಸಿಗಾಗಿ ಸ್ನಾನಗೃಹ, ಶೌಚಾಲಯ, ಕುಡಿಯುವ ನೀರು ಒದಗಿದುವು. ಅದು ಸಂತೋಷದ ವಿಷಯವೇ. ಅಷ್ಟನ್ನೇ ನೂರಾರು ಮಾರು ದೂರದಲ್ಲಿ ದುಡಿಯುವವನಿಗೂ ಒದಗಿಸಲು ಬೇಕಾದದ್ದು ಜಾಣ್ಮೆಯಲ್ಲ, ಪಟ್ಟಿಯಲ್ಲಿ ಅವನ ಹೆಸರು.

ಹೆಸರು ಬರುವುದು ಎಣಿಕೆಯಿಂದ. ಲಕ್ಷದ ಸೂತ್ರವನ್ನು ಸಡಿಲಿಸಿರೆಂದು ಸಣ್ಣ ಊರೊಂದು ಸರಕಾರವನ್ನು ಕೇಳಬೇಕಾದರೆ, ಇಂಥ ರಾತ್ರಿ ಇಂಥಲ್ಲಿ ಇಷ್ಟು ಮಂದಿ ಮಲಗಿದ್ದರೆಂದು ಹೇಳಬೇಕಾಗುತ್ತದೆ. 2011ರ ಜನಗಣತಿಯು ಮನೆಯಿಲ್ಲದವರನ್ನು ಫೆಬ್ರುವರಿ 28ರ ಒಂದೇ ರಾತ್ರಿ ಎಣಿಸಿತು. ದೇಶದಲ್ಲಿ 17 ಲಕ್ಷ 73 ಸಾವಿರ, ಕರ್ನಾಟಕದಲ್ಲಿ 76 ಸಾವಿರಕ್ಕೂ ಮಿಕ್ಕು. ಹೊಸ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖದಿನವೆಂದು 2025ರಲ್ಲಿ ಪ್ರಕಟವಾಗಿದೆ. ಫೆಬ್ರುವರಿಯ ಕೊನೆಯೆಂದರೆ ಕರಾವಳಿಯಲ್ಲಿ ಮೀನುಗಾರಿಕೆಯ ಭರದ ಕಾಲ. ಆಕಾಶ ನಿರ್ಮಲ, ದೋಣಿಗಳು ಕಡಲಲ್ಲಿ, ಜಗಲಿಗಳು ಖಾಲಿ. ಜುಲೈ ತಿಂಗಳ ನಡುರಾತ್ರಿಯಲ್ಲಿ ಕೊಡೆ, ಕಂದೀಲು ಹಿಡಿದು ಬಸ್ ನಿಲ್ದಾಣದಿಂದ ಬಂದರದವರೆಗೆ ನಡೆದು ಎಣಿಸುವ ಕೆಲಸಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ಪಟ್ಟಣ ಪಂಚಾಯತಿಯ ಇಬ್ಬರು ನೌಕರರೂ ಊರಿನ ಕಾಲೇಜಿನ ನಾಲ್ವರು ಹುಡುಗರೂ ಸಾಕು.